ಪಾದ್ರಿಯ ಮನೆಯಲ್ಲಿ ಇಬ್ಬರಿದ್ದರು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಊರುಗಳ ಚರಿತ್ರೆ ಬರೆಯಲು ಕೂತವರು ಮೊದಲು ಕೈಹಾಕುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟಕ್ಕೆ. ಅದು 1898ರಲ್ಲಿ ಅಚ್ಚಾದದ್ದು. ಆಗ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ತೆರಕಣಾಂಬಿ, ತ್ರಿಯಂಬಕಪುರ, ಹರದನಹಳ್ಳಿ, ಉಮ್ಮತ್ತೂರು ಮುಂತಾದ ಕಡೆಗಳ ಕಲ್ಲುಗಳ ಮೇಲಿನ ಮಾತು ಮೊದಲ ಬಾರಿಗೆ ಒಟ್ಟಾಗಿ ಓದಲು ಸಿಕ್ಕಿದ್ದು ಅಲ್ಲಿ. ಸ್ಥಳೀಯ ಇತಿಹಾಸಕಾರರು ಇಂದಿಗೂ ‘ಗುಂಡ್ಲುಪೇಟೆ ಇಷ್ಟನೆಯ ಸಂಖ್ಯೆ’, ‘ಚಾಮರಾಜನಗರ ಅಷ್ಟನೆಯ ಸಂಖ್ಯೆ’ ಎಂದು ಹೇಳುವಾಗ ಬಿ.ಎಲ್. ರೈಸ್ ಹಾಕಿಕೊಟ್ಟ ಲೆಕ್ಕವನ್ನೇ ಎಣಿಸುತ್ತಿರುತ್ತಾರೆ. ಶಾಸನ ಎಂದರೆ ರೈಸ್, ರೈಸ್ ಎಂದರೆ ಶಾಸನ ಎಂಬಷ್ಟು ಆ ಹೆಸರು ನಮಗೆ ಬಳಕೆಯಾಗಿದೆ.

ಆದರೆ ಈ ರೈಸ್ ಇಂಗ್ಲೆಂಡಿನಿಂದ ಅಧಿಕಾರದ ಕಾಗದ ಹಿಡಿದು ಇಳಿದ ದೊರೆಯಲ್ಲ. ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್, ಲಂಡನ್ ಮಿಶನರಿ ಸೊಸೈಟಿಯ ಪಾದ್ರಿ. ತಾಯಿ ಜೇನ್. ಎಳೆಯ ದಂಪತಿ ಹಡಗಿನಲ್ಲಿ ಬಂದು ಬೆಂಗಳೂರಿನಲ್ಲಿ ನೆಲೆನಿಂತ ವರ್ಷವೇ ಈ ಮಗು ಹುಟ್ಟಿತು. ತಂದೆ ಐವತ್ತು ವರ್ಷ ಇಲ್ಲೇ ಕೆಲಸಮಾಡಿ 1887ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಇನ್ನೊಬ್ಬ ಮಗ ಎಡ್ವರ್ಡ್ ಪಿ. ರೈಸ್ ತಾನೂ ಪಾದ್ರಿಯಾದ. ತಂದೆಯ ಜೀವನಚರಿತ್ರೆಯನ್ನು ಬರೆದ. ಆಮೇಲೆ 1915ರಲ್ಲಿ ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ. ಒಬ್ಬ ಮಗ ನಾಡಿನ ಕಲ್ಲುಗಳನ್ನು ಓದಿದ, ಇನ್ನೊಬ್ಬ ನಾಡಿನ ಕಾವ್ಯವನ್ನು ಓದಿದ. ಎರಡಕ್ಕೂ ಬೇರಾದ ಮನೆ ಒಂದೇ.

ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಮಿಶನರಿಗಳ ಅಧ್ಯಾಯ ಇದ್ದೇ ಇರುತ್ತದೆ. ಅದರಲ್ಲಿ ಮುದ್ರಣಯಂತ್ರ ಬರುತ್ತದೆ, ನಿಘಂಟು ಬರುತ್ತದೆ, ಪತ್ರಿಕೆ ಬರುತ್ತದೆ, ಬೈಬಲ್ ಅನುವಾದ ಬರುತ್ತದೆ. ಮನೆ ಬರುವುದಿಲ್ಲ. ಗಂಡಸರ ಹೆಸರುಗಳು ಸಾಲಾಗಿ ಬರುತ್ತವೆ. ಅವರ ಜೊತೆ ಹಡಗು ಹತ್ತಿದ, ಅಥವಾ ಅವರಿಗಾಗಿ ಹಡಗು ಹತ್ತಿದ ಹೆಂಗಸರ ಹೆಸರು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ. ಆದರೆ ಹತ್ತೊಂಬತ್ತನೆಯ ಶತಮಾನದ ಮಿಶನ್ ಕೇಂದ್ರವೆಂದರೆ ಚರ್ಚಿನಷ್ಟೇ ಒಂದು ಸಂಸಾರವೂ ಆಗಿತ್ತು. ಕನ್ನಡಕ್ಕೆ ಬಂದ ಪುಸ್ತಕಗಳ ಬೆಲೆಯಲ್ಲಿ ಒಂದು ಪಾಲನ್ನು ತೆತ್ತದ್ದು ಆ ಸಂಸಾರ. ಯೌವನದಲ್ಲಿ ಬಂದು ಇಲ್ಲೇ ಮುಪ್ಪಾದವರು, ಮುಪ್ಪಾಗುವ ಮುಂಚೆಯೇ ಮೈ ಸೋತು ಹಿಂತಿರುಗಿದವರು, ಮುಪ್ಪಿನ ಅಂಚಿನಲ್ಲಿ ಒಬ್ಬರನ್ನೊಬ್ಬರು ಬಿಟ್ಟು ಎರಡು ಖಂಡಗಳಲ್ಲಿ ಬಾಳಿದವರು ಎಂದು ಮೂರು ಬಗೆಯ ದಂಪತಿಗಳನ್ನು ಇಲ್ಲಿ ನೋಡಬಹುದು.

ಮೊದಲು ರೈಸ್ ಮನೆಯನ್ನೇ ನೋಡೋಣ. ಲಂಡನ್ ಮಿಶನ್ ಬೆಂಗಳೂರಿಗೆ ಬಂದದ್ದು 1820ರಲ್ಲಿ. ಊರು ಆಗ ಎರಡು ಹೋಳು. ಒಂದು ಕಡೆ ದಂಡು, ಅಲ್ಲಿ ಸೈನ್ಯ ಮತ್ತು ಸೈನ್ಯದ ಬೆನ್ನಿಗೆ ಬಂದ ತಮಿಳು ಜನ. ಇನ್ನೊಂದು ಕಡೆ ಪೇಟೆ, ಅಲ್ಲಿ ಕನ್ನಡದ ವ್ಯಾಪಾರಿಗಳು, ನೇಕಾರರು, ಕಸುಬುದಾರರು. ರೈಸ್ ಆರಿಸಿಕೊಂಡದ್ದು ಪೇಟೆಯ ಕೆಲಸವನ್ನು, ಅಂದರೆ ಕನ್ನಡವನ್ನು. ಮೈಸೂರು ಸೀಮೆ 1831ರಿಂದ ಬ್ರಿಟಿಷ್ ಕಮಿಷನ್ ಆಡಳಿತದಲ್ಲಿತ್ತು. ಹೀಗಾಗಿ ಪಾದ್ರಿಗೆ ಆಳುವವರ ಬಣ್ಣದ ಬೆಂಬಲವಿತ್ತು. ಅದೇ ಕಾರಣಕ್ಕೆ ಪೇಟೆಯ ಜನರಿಗೆ ಆತನ ಮೇಲೆ ಅನುಮಾನವೂ ಇತ್ತು.

ಇಂಥ ಮನೆಯ ದಿನ ಹೇಗೆ ನಡೆಯುತ್ತಿತ್ತು? ಮಿಶನರಿಗಳ ವರದಿಗಳನ್ನೂ ಕಾಗದಗಳನ್ನೂ ಓದಿದರೆ ಊರು ಬದಲಾದರೂ ದಿನಚರಿಯ ಅಚ್ಚು ಹೆಚ್ಚು ಬದಲಾಗುವುದಿಲ್ಲ. ಬಿಸಿಲೇರುವ ಮುಂಚೆ ಏಳುವುದು. ಆಳುಕಾಳು, ಬೋರ್ಡಿಂಗ್ ಮಕ್ಕಳು ಎಲ್ಲರನ್ನೂ ಕೂಡಿಸಿ ಕನ್ನಡದಲ್ಲಿ ಪ್ರಾರ್ಥನೆ. ಆಮೇಲೆ ಗಂಡನಿಗೆ ಮುನ್ಷಿಯ ಜೊತೆ ಪಾಠ, ಅನುವಾದ, ಶಾಲೆ; ತಂಪು ಹೊತ್ತಿನಲ್ಲಿ ಪೇಟೆಬೀದಿಯಲ್ಲಿ ಉಪದೇಶ. ಮಳೆಗಾಲ ಕಳೆದ ಮೇಲೆ ಡೇರೆ, ಗಾಡಿ, ಪುಸ್ತಕದ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ, ಸಂತೆ, ಜಾತ್ರೆಗಳಿಗೆ ಸಂಚಾರ. ಆ ಸಂಚಾರ ವಾರಗಟ್ಟಲೆ ನಡೆಯುತ್ತಿತ್ತು. ಅಷ್ಟು ದಿನ ಕೇಂದ್ರದ ಜವಾಬ್ದಾರಿ ಹೆಂಡತಿಯದು. ಬೋರ್ಡಿಂಗಿನ ಅಕ್ಕಿ, ಬಟ್ಟೆ, ಕಾಯಿಲೆ, ಶಾಲೆಯ ಹಾಜರಿ, ಔಷಧದ ಪೆಟ್ಟಿಗೆ ನೋಡಿ ಬಾಗಿಲಿಗೆ ಬಂದ ಅಕ್ಕಪಕ್ಕದವರು, ಆಳುಗಳ ಸಂಬಳ, ಊರಿಗೆ ಕಳಿಸಬೇಕಾದ ಲೆಕ್ಕಪತ್ರ. ಮಿಶನ್ ಸಂಬಳ ಕೊಡುತ್ತಿದ್ದದ್ದು ಗಂಡನೊಬ್ಬನಿಗೆ, ಕೆಲಸ ಪಡೆಯುತ್ತಿದ್ದದ್ದು ಇಬ್ಬರಿಂದ.

ಅವರಲ್ಲಿ ಹೆಂಡತಿಯ ಪಾಲಿಗೆ ಮಾತ್ರ ತೆರೆದಿದ್ದ ಒಂದು ಬಾಗಿಲಿತ್ತು. ಪೇಟೆಯ ಮನೆಗಳ ಒಳಕ್ಕೆ ಪಾದ್ರಿ ಹೋಗುವಂತಿರಲಿಲ್ಲ, ಪಾದ್ರಿಯ ಹೆಂಡತಿ ಹೋಗಬಹುದಿತ್ತು. 1840ರ ದಶಕದ ಆರಂಭದಲ್ಲಿ ಶ್ರೀಮತಿ ರೈಸ್ ಮತ್ತು ಅವರ ಜೊತೆಗಾತಿ ಶ್ರೀಮತಿ ಸೆವೆಲ್ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ಆರಂಭಿಸಿದರು. ಹೆಣ್ಣಿಗೆ ಓದು ಬಂದರೆ ಗಂಡನಿಗೆ ಆಯುಷ್ಯ ಕಡಿಮೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲ ಅದು. ಶಾಲೆಗೆ ಹೊಲಿಗೆಯ ಪಾಠವೂ ಒಂದು ಆಸರೆ. ಅಕ್ಷರಕ್ಕೆ ಒಪ್ಪದ ಮನೆಯವರೂ ಸೂಜಿದಾರಕ್ಕೆ ಒಪ್ಪುತ್ತಿದ್ದರು. ಮಿಶನ್ ರಸ್ತೆಯ ಮಿತ್ರಾಲಯ ಬಾಲಕಿಯರ ಶಾಲೆಯ ಬೇರು ಇರುವುದು ಆ ದಶಕದ ಈ ಕೆಲಸದಲ್ಲೇ. ಮೈಸೂರಿನಲ್ಲಿ ಮಹಾರಾಣಿ ಶಾಲೆ ಬರಲು ಇನ್ನೂ ನಾಲ್ಕು ದಶಕ ಬಾಕಿ ಇತ್ತು. ಬೆಂಜಮಿನ್ ರೈಸ್ ಹೆಸರಿನಲ್ಲಿ ಅವೆನ್ಯೂ ರಸ್ತೆಯಲ್ಲಿ ಒಂದು ಚರ್ಚು ನಿಂತಿದೆ. ಪೇಟೆಯ ಗದ್ದಲದ ನಡುವೆ ಹಾದುಹೋಗುವವರು ಆ ಫಲಕವನ್ನು ನೋಡಿರುತ್ತಾರೆ. ಜೇನ್ ಹೆಸರಿನ ಫಲಕ ಅಲ್ಲಿಲ್ಲ.

ಐವತ್ತು ವರ್ಷ ಎಂದರೆ ಸಣ್ಣ ಮಾತಲ್ಲ. 1836ರಲ್ಲಿ ಹೊರಟವರು ಆಫ್ರಿಕದ ತುದಿಯನ್ನು ಸುತ್ತಿಕೊಂಡು ಬರಬೇಕಿತ್ತು. ಪ್ರಯಾಣವೇ ನಾಲ್ಕೈದು ತಿಂಗಳು. ಮನೆಗೆ ಬರೆದ ಕಾಗದಕ್ಕೆ ಉತ್ತರ ಸಿಗುವ ಹೊತ್ತಿಗೆ ಕೇಳಿದ ಪ್ರಶ್ನೆಯೇ ಹಳತಾಗಿರುತ್ತಿತ್ತು. ಊರಲ್ಲಿ ತಂದೆತಾಯಿ ತೀರಿಕೊಂಡ ಸುದ್ದಿ ಬರುವಾಗ ಸಮಾಧಿಯ ಮೇಲೆ ಹುಲ್ಲು ಬೆಳೆದಿರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ದೂರ ಕುಗ್ಗಿತು. ಅಷ್ಟರಲ್ಲಿ ರೈಸ್ ಪಾದ್ರಿ ಬೆಂಗಳೂರಿನಲ್ಲಿ ಮೂರು ದಶಕ ಕಳೆದಾಗಿತ್ತು. ಇಷ್ಟು ಹೊತ್ತಿಗೆ ಯಾವುದು ಸ್ವದೇಶ, ಯಾವುದು ಪರದೇಶ? ಇಲ್ಲಿನ ಭಾಷೆಯಲ್ಲಿ ಬರೆದು, ಇಲ್ಲಿನ ಶಾಲೆಗೆ ಪಠ್ಯ ಮಾಡಿ, ಕನ್ನಡ ಬೈಬಲಿನ ಪರಿಷ್ಕರಣೆಗೆ ವರ್ಷಗಟ್ಟಲೆ ಕೂತವನಿಗೆ ಇಂಗ್ಲೆಂಡು ಯೌವನದ ನೆನಪಾಗಿ ಉಳಿದಿರಬೇಕು. ನಮ್ಮೂರಿನಿಂದ ಅಮೆರಿಕಕ್ಕೋ ಕೊಲ್ಲಿದೇಶಕ್ಕೋ ಹೋಗಿ ನಲವತ್ತು ವರ್ಷ ಕಳೆದವರನ್ನು ಕಂಡಿರುವ ಇಂದಿನ ಓದುಗರಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ವ್ಯತ್ಯಾಸವೊಂದಿದೆ. ಇವರು ಬಂದದ್ದು ಸಂಪಾದನೆಗಲ್ಲ, ಇನ್ನೊಬ್ಬರ ನಂಬಿಕೆಯನ್ನು ಬದಲಿಸುವುದಕ್ಕೆ. ಅದರಲ್ಲಿ ಅವರು ಗೆದ್ದದ್ದು ಸ್ವಲ್ಪವೇ. ಆ ಗೆಲುವಿಗಾಗಿ ಕಲಿತ ಭಾಷೆ ಮಾತ್ರ ಅವರನ್ನೇ ಗೆದ್ದುಕೊಂಡಿತು.

ಲೂಯಿ ರೈಸ್ ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರಿಗೆ ಮರಳಿ ಹೈಸ್ಕೂಲಿನ ಮುಖ್ಯಸ್ಥನಾದ. ಇದು ಅಂದಿನ ರೂಢಿ. ಮಿಶನರಿ ಮಕ್ಕಳು ಇಲ್ಲಿ ಹುಟ್ಟುತ್ತಿದ್ದರು. ಸ್ವಲ್ಪ ದೊಡ್ಡವರಾಗುತ್ತಲೇ ಓದಿಗೆಂದು ತಂದೆತಾಯಿಯರ ದೇಶಕ್ಕೆ ಹಡಗು ಹತ್ತುತ್ತಿದ್ದರು. ಜ್ವರ, ವಾಂತಿಭೇದಿಗಳ ಭಯ ಒಂದು ಕಾರಣ. ಆಳುಮಕ್ಕಳ ಜೊತೆ ಬೆಳೆದು ‘ಕೆಡುತ್ತಾರೆ’ ಎಂಬ ಬಿಳಿಯರ ಭಯ ಇನ್ನೊಂದು. ಎರಡನೆಯ ಭಯದ ಒಳಗೆ ಜನಾಂಗದ ಹಮ್ಮು ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆಯಾಳ ಮಡಿಲಲ್ಲಿ ಮಗು ಮೊದಲು ಕಲಿತದ್ದು ಕನ್ನಡವನ್ನೋ ತುಳುವನ್ನೋ ಮಲಯಾಳವನ್ನೋ. ಹಡಗು ಹತ್ತಿದ ಮೇಲೆ ಆ ಮಾತು ಮರೆಯಬೇಕು.

ಈ ಅಗಲಿಕೆಯನ್ನು ನಿಯಮವಾಗಿಯೇ ಬರೆದಿಟ್ಟದ್ದು ಬಾಸೆಲ್ ಮಿಶನ್. ಸ್ವಿಟ್ಜರ್ಲೆಂಡಿನ ಈ ಸಂಸ್ಥೆಯ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಹುಪಾಲು ಮಿಶನರಿಗಳು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತ, ಕುಶಲಕರ್ಮಿ, ಪಾದ್ರಿ ಮನೆತನದವರು. ಸಂಸ್ಥೆಯ ಶಿಸ್ತು ಕಠಿಣ. ಅವಿವಾಹಿತನಾಗಿಯೇ ಹೊರಡಬೇಕು, ಹೊರದೇಶದಲ್ಲಿ ಎರಡು ವರ್ಷವಾದರೂ ಕಳೆದ ಮೇಲೆ ಮದುವೆಗೆ ಅಪ್ಪಣೆ ಕೇಳಬಹುದು, ಅಪ್ಪಣೆ ಕೊಡುವುದು ಬಾಸೆಲಿನ ಸಮಿತಿ. ಮದುವೆಯ ಈ ಕಟ್ಟಳೆಗಳು 1837ರಷ್ಟು ಹಳೆಯವು. ಹುಡುಗಿಯನ್ನು ಹುಡುಕುವುದೂ ಹಲವು ಸಲ ಅಲ್ಲಿನವರದೇ ಕೆಲಸ. ಅವಳ ಭಕ್ತಿ, ಆರೋಗ್ಯ, ಮನೆತನ ವಿಚಾರಿಸಿ ಸಮಿತಿ ಒಪ್ಪಿದರೆ, ತಾನು ಒಮ್ಮೆಯೂ ನೋಡದ ಅಥವಾ ಎಂದೋ ಒಮ್ಮೆ ನೋಡಿದ ಗಂಡಿಗಾಗಿ ಅವಳು ಪೆಟ್ಟಿಗೆ ಕಟ್ಟಿಕೊಂಡು ಹೊರಡುವಳು. ಹಡಗು ದಡ ಸೇರಿದ ಕೆಲವೇ ದಿನಗಳಲ್ಲಿ ಮದುವೆ.

ನಮ್ಮ ಅಜ್ಜಿಯರ ಮದುವೆಗಳನ್ನು ನೆನೆದರೆ ಇದು ವಿಚಿತ್ರವೆನಿಸದು. ವಿಚಿತ್ರವೆಂದರೆ, ಬಾಲ್ಯವಿವಾಹ ಮತ್ತು ಹಿರಿಯರು ನಿಶ್ಚಯಿಸಿದ ಮದುವೆಗಳನ್ನು ‘ಅಜ್ಞಾನದ ಗುರುತು’ ಎಂದು ವರದಿ ಬರೆಯುತ್ತಿದ್ದ ಕೈಗಳೇ ಇಂಥ ಮದುವೆಗೆ ಅಪ್ಪಣೆಯನ್ನೂ ಕೋರುತ್ತಿದ್ದವು. 1853ರಲ್ಲಿ ಮಕ್ಕಳ ಕುರಿತೂ ಕಟ್ಟಳೆಯಾಯಿತು. ಶಾಲೆಯ ವಯಸ್ಸಿಗೆ ಬರುತ್ತಲೇ ಮಿಶನರಿ ಮಕ್ಕಳನ್ನು ಯೂರೋಪಿಗೆ ಕಳಿಸಬೇಕು. ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದು ಇರುತ್ತದೆ. ಮಂಗಳೂರಿನ ಬೋರ್ಡಿಂಗಿನಲ್ಲಿ ಹತ್ತಾರು ಅನಾಥ ಹೆಣ್ಣುಮಕ್ಕಳಿಗೆ ತಾಯಾಗಿದ್ದ ಹೆಂಗಸು ತನ್ನ ಹೆಣ್ಣುಮಗುವನ್ನು ಬಾಸೆಲಿನ ಇನ್ನೊಬ್ಬಳ ಕೈಗೆ ಒಪ್ಪಿಸಬೇಕಿತ್ತು. ಮಿಶನ್ ಸಂಸಾರದ ನಡುವಿನ ಗಾಯ ಇದೇ.

ಯೂಲಿ ಗುಂಡರ್ಟ್ ಇದಕ್ಕೆ ಸ್ಪಷ್ಟ ಉದಾಹರಣೆ. ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡಿನ ಯೂಲಿ ದ್ಯುಬ್ವಾ ಹುಟ್ಟಿದ್ದು 1809ರಲ್ಲಿ. ಮಲಯಾಳಂ ನಿಘಂಟಿನ ಹೆರ್ಮಾನ್ ಗುಂಡರ್ಟ್‌ಗಿಂತ ಅವಳು ಐದು ವರ್ಷ ಹಿರಿಯಳು. 1836ರಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಭಾರತಕ್ಕೆ ಬಂದರು, 1838ರಲ್ಲಿ ಮದುವೆಯಾದರು, ಮರುವರ್ಷ ತಲಶ್ಶೇರಿಯಲ್ಲಿ ಮನೆ ಹೂಡಿದರು. ಗಂಡ ಕೃತಿ, ಹಸ್ತಪ್ರತಿ, ವ್ಯಾಕರಣಗಳ ಹಿಂದೆ ಬಿದ್ದರೆ, ಯೂಲಿ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆ ನಡೆಸಿದಳು. ಅವರ ಮಗಳು ಮಾರಿ 1842ರಲ್ಲಿ ಹುಟ್ಟಿದಳು. ನಾಲ್ಕು ವರ್ಷವೂ ತುಂಬುವ ಮುಂಚೆ ಅವಳನ್ನು ಯೂರೋಪಿಗೆ ಕರೆದೊಯ್ದು ಅಲ್ಲೇ ಬಿಟ್ಟು ತಂದೆತಾಯಿ ಹಿಂತಿರುಗಿದರು. ಗುಂಡರ್ಟ್ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರ್ ಆಗಿ ದಂಪತಿ ಮಂಗಳೂರಿಗೆ ಬಂದ 1857ರಲ್ಲಿ, ಹದಿನೈದರ ಹುಡುಗಿಯಾಗಿ ಮಾರಿ ಮರಳಿ ಭಾರತಕ್ಕೆ ಬಂದಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದದಲ್ಲಷ್ಟೇ ಇದ್ದ ತಾಯಿ ಅವಳಿಗೆ ಮತ್ತೆ ಸಿಕ್ಕಿದ್ದು ಹೀಗೆ.

ಆದರೆ ಈ ಕೂಡುವಿಕೆ ಬಹಳ ದಿನ ಉಳಿಯಲಿಲ್ಲ. ಗುಂಡರ್ಟ್ ಆರೋಗ್ಯ ಕೆಟ್ಟು 1859ರಲ್ಲಿ ಜರ್ಮನಿಗೆ ಹೋದರು. ಚೇತರಿಸಿಕೊಂಡು ಬರುವ ಆಸೆ ಕೈಗೂಡದೆ, ಮರುವರ್ಷ ಯೂಲಿ ಕೂಡ ಹೊರಟಳು. ಆಗ ಅವಳಿಗೆ ಐವತ್ತೊಂದು. ಇಪ್ಪತ್ತನಾಲ್ಕು ವರ್ಷ ಇಲ್ಲಿ ಬಾಳಿ, ಗಂಡನ ಊರಿನ ಕಡೆಯ ಕಾಲ್ವ್ ಎಂಬ ಪುಟ್ಟ ಪಟ್ಟಣದಲ್ಲಿ ಜರ್ಮನ್ ಭಾಷೆಯ ನಡುವೆ ಹೊಸ ಸಂಸಾರ. ಅವಳ ಪಾಲಿಗೆ ಅದು ಎರಡನೆಯ ಪರದೇಶ. ಮಾರಿಯ ಮಗನೇ ಕಾದಂಬರಿಕಾರ ಹೆರ್ಮಾನ್ ಹೆಸ್ಸೆ. ಭಾರತವನ್ನು ತನ್ನ ಕೃತಿಗಳಲ್ಲಿ ಬೆನ್ನಟ್ಟಿದ ಆ ಮೊಮ್ಮಗ ಅದನ್ನು ಮೊದಲು ಕಂಡದ್ದು ಕಾಲ್ವಿನ ಅಜ್ಜನ ಮನೆಯ ಪುಸ್ತಕಗಳ ನಡುವೆ, ಇಲ್ಲಿಂದ ಹೋದ ವಸ್ತುಗಳ ನಡುವೆ.

ಇನ್ನು ಬೆಟ್ಟದ ಕಡೆಗೆ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ಮೇಲೆ ಹೋದರೆ ನೀಲಗಿರಿ. ಜ್ವರ ಹಿಡಿದ ಬಿಳಿಯರಿಗೆ ಅದು ಆಸ್ಪತ್ರೆ, ಮಿಶನರಿಗಳಿಗೂ ಅಷ್ಟೇ. ಊಟಿ ಬಳಿಯ ಕೇತಿಯಲ್ಲಿ ಜಾರ್ಜ್ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಬಡಗರ ಮಕ್ಕಳಿಗಾಗಿ ಕನ್ನಡ ಶಾಲೆ ತೆರೆದಿದ್ದ. ಅವನ ಒತ್ತಾಸೆಯಿಂದ 1846ರ ಸುಮಾರಿಗೆ ಬಾಸೆಲ್ ಮಿಶನ್ ಅಲ್ಲಿ ಕೇಂದ್ರ ಹೂಡಿತು. ಬಡಗರಿಗೆ ಕನ್ನಡ ಯಾಕೆ? ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ತಮ್ಮ ಹಿರಿಯರು ಬಡಗಣ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದರೆಂದು ಅವರ ಐತಿಹ್ಯ ಹೇಳುತ್ತದೆ. ಚಾಮರಾಜನಗರದ ಉಮ್ಮತ್ತೂರಿನ ಹೆಸರೂ ಆ ಕತೆಗಳಲ್ಲಿ ಬರುತ್ತದೆ. ಹೀಗೆ ನಮ್ಮ ಬಯಲಿನಿಂದ ಹೋದ ಕನ್ನಡವನ್ನು ಅರಸಿಕೊಂಡು ಜರ್ಮನ್ ಪಾದ್ರಿಗಳು ಬೆಟ್ಟಕ್ಕೆ ಹೋದರು.

ಕೇತಿಯಲ್ಲಿ ಮೊದಲು ಇದ್ದವರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಒಬ್ಬ. ಕನ್ನಡ ಬೈಬಲ್ ಪರಿಷ್ಕರಣೆಯಲ್ಲಿ ಬೆಂಜಮಿನ್ ರೈಸ್ ಜೊತೆಗಾರ. ಕನ್ನಡ ಭಾಷೆ, ಸಾಹಿತ್ಯಗಳ ಬಗ್ಗೆ ಜರ್ಮನ್ ವಿದ್ವಾಂಸರಿಗೆ ಮೊದಲು ತಿಳಿಸಿದವರಲ್ಲಿ ಒಬ್ಬ. ಅವನ ಹೆಂಡತಿ ಪೌಲಿನೆ ಬಾಕ್‌ಮೈಸ್ಟರ್. ವೈಗ್ಲೆ 1855ರಲ್ಲಿ ತೀರಿಕೊಂಡ. ಪರದೇಶದಲ್ಲಿ ವಿಧವೆಯಾದವಳ ಮುಂದೆ ದಾರಿಗಳು ಹೆಚ್ಚಿರಲಿಲ್ಲ: ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುವುದು, ಇಲ್ಲವೆ ಇನ್ನೊಬ್ಬ ಮಿಶನರಿಯನ್ನು ಮದುವೆಯಾಗುವುದು. ಗಂಡನ ಸೋದರ ಸಂಬಂಧಿ, ‘ಮಂಗಳೂರ ಸಮಾಚಾರ’ದ ಹೆರ್ಮಾನ್ ಮೋಗ್ಲಿಂಗ್ ಅವಳನ್ನು ಮದುವೆಯಾದ. 1843ರಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವನು, ಕನ್ನಡ ಕಾವ್ಯಗಳನ್ನು ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚುಹಾಕಿಸಿದವನು, ಇಪ್ಪತ್ತು ವರ್ಷ ಒಂಟಿಯಾಗಿದ್ದು, ವಿದ್ಯಾರ್ಥಿಗಳ ನಡುವೆ ಸರಳವಾಗಿ ಬಾಳಿದವನು, ನಲವತ್ತೈದರ ಹೊತ್ತಿಗೆ ಸಂಸಾರಿಯಾದದ್ದು ಹೀಗೆ. ಆಗ ಅವನ ಕಾರ್ಯಕ್ಷೇತ್ರ ಕೊಡಗು. ಕಾಫಿ ತೋಟದ ನಡುವೆ, ಜೀತದ ಬದುಕಿನಿಂದ ಬಂದ ಹೊಲೆಯ ಕುಟುಂಬಗಳಿಗಾಗಿ ಆನಂದಪುರವೆಂಬ ಊರು ಕಟ್ಟುವ ಕೆಲಸ. 1860ರಲ್ಲಿ ಪೌಲಿನೆಯ ಆರೋಗ್ಯ ತೀರ ಕೆಟ್ಟಿತು. ಮೋಗ್ಲಿಂಗ್ ಅವಳನ್ನು ಕರೆದುಕೊಂಡು ಜರ್ಮನಿಗೆ ಹೋದ. ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲೇ ತೀರಿಕೊಂಡ. ಮೋಗ್ಲಿಂಗನ ಕನ್ನಡ ಕೆಲಸ ಅರ್ಧಕ್ಕೆ ನಿಂತಿತೆಂದು ನಾವು ಬೇಸರಪಡುತ್ತೇವೆ. ಹೆಂಡತಿಯ ಜೀವಕ್ಕಿಂತ ಕೆಲಸ ದೊಡ್ಡದಲ್ಲವೆಂದು ಅವನು ತೀರ್ಮಾನಿಸಿದನಲ್ಲ, ಅದನ್ನೂ ಅವನ ಕೃತಿಗಳ ಪಟ್ಟಿಯಲ್ಲಿ ಸೇರಿಸಬೇಕು.

ಈ ತೀರ್ಮಾನದ ತಿರುವುಮುರುವು ಫರ್ಡಿನಂಡ್ ಕಿಟ್ಟೆಲ್. 1832ರಲ್ಲಿ ಹುಟ್ಟಿ, 1853ರಲ್ಲಿ ಮಂಗಳೂರಿಗೆ ಬಂದವರು. 1860ರಲ್ಲಿ ಪೌಲಿನೆ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ, ಎರಡು ಗಂಡುಮಕ್ಕಳನ್ನು ಬಿಟ್ಟು ಆಕೆ ತೀರಿಕೊಂಡಳು. 1867ರಲ್ಲಿ ಅವಳ ತಂಗಿ ಯೂಲಿ ಎರಡನೆಯ ಹೆಂಡತಿಯಾಗಿ ಬಂದಳು. ಅಕ್ಕ ಸತ್ತ ನಾಡಿಗೆ, ಅಕ್ಕನ ಮನೆಗೆ. ಈ ಮನೆಯಲ್ಲಿ ಕಿಟ್ಟೆಲ್ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು; ನಿಘಂಟಿನ ಚೀಟಿಗಳನ್ನು ಕೂಡಿಹಾಕಲು ತೊಡಗಿದರು. 1877ರಲ್ಲಿ ಸಂಸಾರವೆಲ್ಲ ಜರ್ಮನಿಗೆ ಹೋಯಿತು. ಅಲ್ಲಿ ಕುಳಿತು ನಿಘಂಟು ಮುಗಿಸಲು ಆಗಲಿಲ್ಲ. ಹಳಗನ್ನಡದ ಮಾತಿಗೆ ಗ್ರಂಥ ಸಾಕು. ಆಡುಮಾತಿಗೆ, ಗಿಡಮರಗಳ ಹೆಸರಿಗೆ, ಒಕ್ಕಲುತನದ ಪದಕ್ಕೆ, ಗಾದೆಗೆ ಹೇಳುವ ಬಾಯಿ ಬೇಕು. 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಕಿಟ್ಟೆಲ್ ಒಬ್ಬರೇ ಮರಳಿ ಬಂದರು. ಹಿಂದಿರುಗಿದ್ದು 1892ರಲ್ಲಿ. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಆ ಒಂಬತ್ತು ವರ್ಷಗಳನ್ನು ನಾವು ಕಿಟ್ಟೆಲರ ತಪಸ್ಸು ಎಂದು ಕೊಂಡಾಡುತ್ತೇವೆ. ಕೊಂಡಾಡುವುದು ಸರಿಯೇ. ಯೂಲಿ ಐತ್ ಪಾಲಿಗೆ ಅದೇ ಒಂಬತ್ತು ವರ್ಷ ಏನು? ಮಕ್ಕಳನ್ನು ಬೆಳೆಸಿದ, ಮನೆ ನಡೆಸಿದ, ಕಾಗದಕ್ಕೆ ಕಾದ ಕಾಲ. ನಮ್ಮ ಕಪಾಟಿನಲ್ಲಿರುವ ನಿಘಂಟಿನ ರಟ್ಟಿನ ಮೇಲೆ ಒಂದೇ ಹೆಸರಿದೆ. ಅದರ ತೂಕವನ್ನು ಹೊತ್ತ ಇನ್ನೊಂದು ಹೆಗಲು ಟ್ಯೂಬಿಂಗೆನ್ ಕಡೆಯಲ್ಲಿತ್ತು. ವಾಚಸ್ಪತಿ ಮಿಶ್ರ ತನ್ನ ಗ್ರಂಥಕ್ಕೆ ಹೆಂಡತಿಯ ಹೆಸರಿಟ್ಟು ‘ಭಾಮತಿ’ ಎಂದು ಕರೆದನೆಂಬ ಕತೆಯನ್ನು ನಾವು ಮೆಚ್ಚಿ ಹೇಳುತ್ತೇವೆ. ಹಾಗೆ ಹೆಸರು ಪಡೆಯದೆ ಹೋದ ಭಾಮತಿಯರೇ ಹೆಚ್ಚು.

ಇಷ್ಟು ಹೇಳಿ ಈ ದಂಪತಿಗಳನ್ನು ಬರೀ ತ್ಯಾಗದ ಮೂರ್ತಿಗಳನ್ನಾಗಿ ಮಾಡಿ ನಿಲ್ಲಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಅವರ ಸಂಸಾರ ನಿಂತದ್ದು ಇತರರ ದುಡಿಮೆಯ ಮೇಲೆ. ಅಡುಗೆಯವನು, ಆಯಾ, ನೀರಿನವನು, ಪಲ್ಲಕ್ಕಿ ಹೊರುವ ಬೋಯಿಗಳು, ರಾತ್ರಿ ಕಾವಲಿನವನು ಇದ್ದದ್ದರಿಂದಲೇ ಬರೆಯಲು ಪುರುಸೊತ್ತು. ಮುನ್ಷಿಗಳೂ ಪಂಡಿತರೂ ಕಲಿಸಿದ್ದರಿಂದಲೇ ಭಾಷೆ. ಜೊತೆಗೆ, ಮಿಶನ್ ಮನೆ ಒಂದು ಸಂಸಾರವನ್ನು ಕಟ್ಟುವಾಗ ಊರಿನ ಇನ್ನೊಂದು ಸಂಸಾರ ಒಡೆದದ್ದೂ ಉಂಟು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಕ್ರೈಸ್ತನಾದಾಗ ಊರೆಲ್ಲ ಎದ್ದು ನಿಂತಿತು. ಅವನ ಎಳೆಯ ಹೆಂಡತಿ ಅವನ ಜೊತೆ ಬರಲಿಲ್ಲ. ಅವನು ಮೋಗ್ಲಿಂಗ್ ಜೊತೆ ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದ. 1860ರ ಹೊತ್ತಿಗೆ ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳು ಅವನನ್ನು ಮದುವೆಯಾಗಲು ಇಲ್ಲಿಗೆ ಬಂದಳು. ಬಿಳಿಯ ಗಂಡ, ಬಿಳಿಯ ಹೆಂಡತಿಯರ ಮಿಶನ್ ಲೋಕದಲ್ಲಿ ಈ ಜೋಡಿ ಅಪರೂಪ. ಪರದೇಶವೆಂಬುದು ಆ ಮನೆಯೊಳಗೆ ಹೆಂಡತಿಗೆ ಮಾತ್ರ. ಗಂಡನಿಗೆ ತನ್ನ ಊರೇ ಪರಸ್ಥಳವಾಗಿತ್ತು. ಆ ಮೊದಲ ಹೆಂಡತಿ, ನಂಬಿಕೆಯ ಜಗಳದಲ್ಲಿ ಒಂದು ಮಾತೂ ಕೇಳಿಸದ ಹುಡುಗಿ, ಯಾವ ಮಿಶನ್ ಸಮಾಧಿಯ ಕಲ್ಲಿನಲ್ಲೂ ಸಿಗಳು.

ಕೊನೆಗೆ ಲೂಯಿ ರೈಸ್ ಕಡೆಗೆ ಮರಳೋಣ. 1885ರಲ್ಲಿ ಅವರಿಗೆ ಪುರಾತತ್ವದ ಹೊಣೆ ಬಂತು. ಕೊಡಗಿನ ಶಾಸನಗಳಿಂದ ಶುರುವಾಗಿ, 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಹೊರಬಂದವು. ತಂದೆ ತೀರಿಕೊಂಡ 1887ರಲ್ಲಿ ಆ ಕೆಲಸ ಇನ್ನೂ ಮೊದಲ ಮೆಟ್ಟಿಲಲ್ಲಿತ್ತು. ಅರಿಕುಠಾರವೆಂಬ ಊರು 1818ರಲ್ಲಿ ಚಾಮರಾಜನಗರವಾದದ್ದು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಇಟ್ಟ ಹೆಸರಿನಿಂದ. ಮಗ ತಂದೆಗೆ ಸಲ್ಲಿಸುವ ಗೌರವ ಊರಿನ ಹೆಸರಾಗಿಯೂ ಇರಬಹುದು, ಅದೇ ಊರಿನ ಕಲ್ಲುಗಳ ಓದಾಗಿಯೂ ಇರಬಹುದು. ತಂದೆ ಧರ್ಮಪ್ರಚಾರಕ್ಕೆಂದು ಕಲಿತ ಕನ್ನಡದಿಂದ ಮಗ ಓದಿದ್ದು ಬಸದಿ, ಮಠ, ಅಗ್ರಹಾರಗಳ ದಾನಶಾಸನಗಳನ್ನು; ಬದಲಿಸಬೇಕೆಂದು ತಂದೆ ಬಯಸಿದ ಲೋಕವನ್ನೇ ಮಗ ಕಾದಿಟ್ಟ.

ಇದನ್ನು ಯಾವ ಮಿಶನ್ ಸಮಿತಿಯೂ ಯೋಜಿಸಿರಲಿಲ್ಲ. ಒಂದು ಮನೆಯಲ್ಲಿ ಐವತ್ತು ವರ್ಷ ಕನ್ನಡ ಕೇಳಿಸುತ್ತಿದ್ದರೆ ಆಗುವುದು ಇಂಥದು. ಆ ಕನ್ನಡ ತಂದೆಯ ಪೀಠದಿಂದ ಬಂದಷ್ಟೇ ತಾಯಿಯ ಶಾಲೆಯ ಜಗಲಿಯಿಂದ, ಆಯಾಳ ಜೋಗುಳದಿಂದ, ಮುನ್ಷಿಯ ಪಾಠದಿಂದ, ಅಡುಗೆಮನೆಯ ಜಗಳದಿಂದಲೂ ಬಂದಿರಬೇಕು. ವಿದ್ಯಾರ್ಥಿಗಳು ಮಿಶನರಿ ಯುಗದ ಬಗ್ಗೆ ಟಿಪ್ಪಣಿ ಬರೆಯುವಾಗ ಮುದ್ರಣಯಂತ್ರದ ವರ್ಷ, ನಿಘಂಟಿನ ವರ್ಷಗಳ ಪಕ್ಕದಲ್ಲಿ ಮದುವೆಯ ವರ್ಷ, ಮಕ್ಕಳು ಹಡಗು ಹತ್ತಿದ ವರ್ಷ, ಹೆಂಡತಿ ತೀರಿಕೊಂಡ ವರ್ಷಗಳನ್ನೂ ಬರೆದು ನೋಡಬೇಕು. ಮೋಗ್ಲಿಂಗ್ 1860ರಲ್ಲಿ ಯಾಕೆ ಹೊರಟ, ಕಿಟ್ಟೆಲ್ 1883ರಲ್ಲಿ ಯಾಕೆ ಒಬ್ಬರೇ ಬಂದರು ಎಂಬ ಪ್ರಶ್ನೆಗಳಿಗೆ ಉತ್ತರ ಪುಸ್ತಕಗಳ ಪಟ್ಟಿಯಲ್ಲಿಲ್ಲ, ಮನೆಯೊಳಗಿದೆ.